ಬೆಣ್ಣೆ ದೋಸೆಗೆ ಅಡ್ಡಿಯಿಲ್ಲ, ಪಲ್ಯಕ್ಕೆ ಮಾತ್ರ

ದಾವಣಗೆರೆ ಬೆಣ್ಣೆ ದೋಸೆಯ ಹಿಟ್ಟಿನಲ್ಲಿ ಏನಿರುತ್ತದೆ? ಅಕ್ಕಿ, ಉದ್ದು, ಒಂದಿಷ್ಟು ಮಂಡಕ್ಕಿ. ಮೇಲೆ ಧಾರಾಳವಾಗಿ ಬೆಣ್ಣೆ. ಇವುಗಳಲ್ಲಿ ಒಂದೂ ಹೊಟ್ಟೆಯ ಕಾಟಕ್ಕೆಂದು ನಾನು ಹಿಡಿದಿರುವ ಪಥ್ಯಕ್ಕೆ ವಿರುದ್ಧವಲ್ಲ. ಬೆಣ್ಣೆಯಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ತಕರಾರು ಇರುವುದು ಪಕ್ಕದ ಆಲೂಗಡ್ಡೆ ಪಲ್ಯದ ಈರುಳ್ಳಿಯ ಮೇಲೆ, ಚಟ್ನಿಗೆ ಹಾಕುವ ಪುಟಾಣಿಯ ಮೇಲೆ. ಇದನ್ನು ವಿವರಿಸಿದಾಗ ನಮ್ಮ ಅತ್ತೆಯವರು ಸೌಟು ಕೆಳಗಿಟ್ಟು, "ಬೆಣ್ಣೆ ದೋಸೆ ತಿನ್ನಬಹುದು, ಬೇಳೆ ಸಾರು ಉಣ್ಣಬಾರದು. ಇದೆಂಥ ಪಥ್ಯವವ್ವಾ?" ಎಂದರು. ನ್ಯಾಯವಾದ ಪ್ರಶ್ನೆ.

ನನಗಿರುವುದು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್ ಎಂಬ ಕರುಳಿನ ತೊಂದರೆ. ಕರುಳಿನಲ್ಲಿ ಹುಣ್ಣಿಲ್ಲ, ಗಂಟಿಲ್ಲ, ಪರೀಕ್ಷೆಗಳೆಲ್ಲ ಸರಿ; ಆದರೂ ಮಧ್ಯಾಹ್ನದ ಊಟವಾದ ಮೇಲೆ ಹೊಟ್ಟೆ ಉಬ್ಬಿ ಸೀರೆಯ ನೆರಿಗೆ ಸಡಿಲಿಸಬೇಕು, ಬೆಳಗಿನ ಬಸ್ ಹತ್ತುವ ಮೊದಲು ಶೌಚಾಲಯ ಎಲ್ಲಿದೆ ಎಂದು ನೋಡಿಕೊಳ್ಳಬೇಕು. ವೈದ್ಯರು ಗೋಧಿ ಬಿಡಿಸುವ ಮೊದಲೇ ಸೀಲಿಯಾಕ್ ಕಾಯಿಲೆಯ (ಗೋಧಿಯ ಗ್ಲುಟನ್‌ನಿಂದ ಕರುಳು ಹಾಳಾಗುವ ಕಾಯಿಲೆ) ರಕ್ತಪರೀಕ್ಷೆ ಮಾಡಿಸಿದರು. ಇದನ್ನು ಇಲ್ಲಿ ಒತ್ತಿ ಹೇಳುತ್ತೇನೆ, ಏಕೆಂದರೆ ಚಪಾತಿ ಬಿಟ್ಟು ಕೆಲವು ತಿಂಗಳಾದ ಮೇಲೆ ಆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೇ ಹೋಗಬಹುದು. ಆಮೇಲೆ ಆಹಾರ ತಜ್ಞೆಯೊಬ್ಬರು ನನ್ನ ಕೈಗೆ ಲೋ ಫಾಡ್‌ಮ್ಯಾಪ್ ಪಟ್ಟಿಯನ್ನು ಕೊಟ್ಟರು.

ಫಾಡ್‌ಮ್ಯಾಪ್ ಎಂದರೆ ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದ ಕೆಲವು ಸಕ್ಕರೆಗಳ ಗುಂಪು. ಇವು ಕರುಳಿಗೆ ನೀರನ್ನು ಎಳೆಯುತ್ತವೆ, ದೊಡ್ಡ ಕರುಳು ತಲುಪಿ ಅಲ್ಲಿನ ಬ್ಯಾಕ್ಟೀರಿಯಾಗಳ ಬಾಯಿಗೆ ಸಿಕ್ಕು ಹುದುಗಿ ಅನಿಲವಾಗುತ್ತವೆ. ಎಲ್ಲರ ಹೊಟ್ಟೆಯಲ್ಲೂ ಹೀಗೇ ಆಗುತ್ತದೆ. ನನ್ನಂಥವರ ಕರುಳು ಅದನ್ನು ಸಹಿಸುವುದಿಲ್ಲ, ಅಷ್ಟೇ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್ 2005ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಮೆಲ್ಬರ್ನ್‌ನಲ್ಲಿ ಕೂತು ಮಾಡಿದ ಪಟ್ಟಿ ಹಾಸನದ ತವರಿನ, ದಾವಣಗೆರೆಯ ಗಂಡನ ಮನೆಯ ಹೊಟ್ಟೆಗೆ ಹೇಗೆ ಹೊಂದೀತು ಎಂದು ನನಗೂ ಅನುಮಾನವಿತ್ತು. ನೋಡಿದರೆ ಅನ್ನ, ಜೋಳದ ರೊಟ್ಟಿ, ಇಡ್ಲಿ, ಶೇಂಗಾ, ಬದನೆಕಾಯಿ ಎಲ್ಲವೂ ಉಳಿದವು. ಹೋದವು ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಕಾಳುಗಳು, ಹಾಲು, ಸೇಬು, ಕಲ್ಲಂಗಡಿ, ಜೇನು. ಸಕ್ಕರೆ ಉಳಿದು ಜೇನು ಹೋಯಿತು ಎಂದರೆ ಯಾರೂ ನಂಬುವುದಿಲ್ಲ. ಜೇನಿನಲ್ಲಿ ಗ್ಲೂಕೋಸ್‌ಗಿಂತ ಫ್ರಕ್ಟೋಸ್ ಹೆಚ್ಚು. ಆ ಹೆಚ್ಚಿನ ಪಾಲೇ ನಮಗೆ ಕಾಟ.

"ಕರುಳನ್ನು ಗುಣಪಡಿಸುವ ಆಹಾರ" ಎಂದು ಯೂಟ್ಯೂಬಿನಲ್ಲಿ ಮಾರುತ್ತಾರಲ್ಲ, ಆ ಮಾತಿನ ಬಗ್ಗೆ ನನಗೆ ಸಿಟ್ಟಿದೆ. ಈ ಪಥ್ಯ ಯಾವುದನ್ನೂ ಗುಣಪಡಿಸುವುದಿಲ್ಲ. ಎರಡರಿಂದ ಆರು ವಾರ ಎಲ್ಲವನ್ನೂ ಬಿಟ್ಟು, ಆಮೇಲೆ ಒಂದೊಂದನ್ನೇ ಒಳಗೆ ಕರೆದು, ತಂಟೆ ಮಾಡುವವರು ಯಾರೆಂದು ಪತ್ತೆ ಹಚ್ಚುವುದಷ್ಟೇ ಇದರ ಕೆಲಸ. ವರ್ಷಗಟ್ಟಲೆ ಇದರಲ್ಲೇ ಉಳಿದರೆ ಕರುಳಿನ ಒಳ್ಳೆಯ ಬಿಫಿಡೋಬ್ಯಾಕ್ಟೀರಿಯಾಗಳೂ ಕಡಿಮೆಯಾಗುತ್ತವೆ. ಅವಕ್ಕೂ ಊಟ ಬೇಕು.

ಶುರುವಿನಲ್ಲಿ ಆದದ್ದೇ ಬೇರೆ. ಉಬ್ಬರ ಇಳಿಯಿತು, ಆದರೆ ಮಲಬದ್ಧತೆ ಬಂತು. ಕಾಳು, ಗೋಧಿ ಎರಡೂ ಹೋದ ಮೇಲೆ ನಾರು ಎಲ್ಲಿಂದ ಬರಬೇಕು? ರಾಗಿ ಅಂಬಲಿ, ಕಿತ್ತಳೆ, ನೀರು ಇಷ್ಟರಿಂದ ಅದು ಸರಿಹೋಯಿತು. ಕಷ್ಟವಾದದ್ದು ಕಾರಣ ಹುಡುಕುವುದು. ಹೊಟ್ಟೆ ಕೆಟ್ಟ ಕೂಡಲೇ ಈಗಷ್ಟೇ ತಿಂದದ್ದರ ಮೇಲೆ ಗೂಬೆ ಕೂರಿಸುವುದು ನಮ್ಮ ಅಭ್ಯಾಸ. ಆದರೆ ಕಾಳಿನ ಸಕ್ಕರೆಗಳು ದೊಡ್ಡ ಕರುಳು ಮುಟ್ಟಲು ಹಲವು ಗಂಟೆ ಬೇಕು. ರಾತ್ರಿ ಉಂಡ ಅವರೆಕಾಳಿನ ಸಾರಿಗೆ ಮರುದಿನ ಬೆಳಗಿನ ಇಡ್ಲಿ ಬೈಸಿಕೊಳ್ಳುತ್ತದೆ. ಅದಕ್ಕೇ ಬರೆದಿಡುವ ಪುಸ್ತಕ ಬೇಕು. ನಾನು ಮಗನ ಹಳೆಯ ಗಣಿತದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ, ನಿದ್ದೆಗೆಟ್ಟ ರಾತ್ರಿಗಳನ್ನೂ ಸೇರಿಸಿ. ನಿದ್ದೆ ಕೆಟ್ಟರೂ ಹೊಟ್ಟೆ ಕೆಡುತ್ತದೆ.

ಅದರಲ್ಲಿ ಸಿಕ್ಕಿಬಿದ್ದ ದೊಡ್ಡ ಕಳ್ಳ ಚಿಕೋರಿ. ನಮ್ಮ ಮನೆಯ ಕಾಫಿಪುಡಿ ಎಪ್ಪತ್ತು–ಮೂವತ್ತರ ಮಿಶ್ರಣ. ಚಿಕೋರಿ ಬೇರಿನಲ್ಲಿ ಇನುಲಿನ್ ಎಂಬ ನಾರು ತುಂಬಿರುತ್ತದೆ, ಅದು ಈರುಳ್ಳಿ ಬೆಳ್ಳುಳ್ಳಿಯಲ್ಲಿರುವ ಫ್ರಕ್ಟಾನ್ ಎಂಬ ಫಾಡ್‌ಮ್ಯಾಪ್‌ನ ಜಾತಿಯದ್ದೇ. ಹುರಿದಾಗ ಒಂದಿಷ್ಟು ನಾಶವಾದರೂ ಉಳಿದದ್ದು ನನಗೆ ಸಾಕಾಯಿತು. ಪುಡಿ ಅಂಗಡಿಯವರಿಗೆ "ಚಿಕೋರಿ ಬೇಡ" ಎಂದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹಾಸನದವಳು ನಾನು, ಕಾಫಿಯನ್ನೇ ಬಿಡು ಎಂದಿದ್ದರೆ ಪಥ್ಯವನ್ನು ಬಿಡುತ್ತಿದ್ದೆ.

ಇನ್ನು ಆಸೆಯ ವಿಷಯ. ಸಂಜೆ ಐದರ ಹೊತ್ತಿಗೆ ರಸ್ತೆ ಬದಿಯ ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ಬೀಳುವ ಊರಿದು. ಮನಸ್ಸು ಗಟ್ಟಿ ಮಾಡಿಕೋ ಎಂಬ ಉಪದೇಶ ಕೆಲಸಕ್ಕೆ ಬರುವುದಿಲ್ಲ. ನನಗೆ ಆಸೆ ಹುಟ್ಟುತ್ತಿದ್ದದ್ದು ಹೊಟ್ಟೆಯಿಂದಲ್ಲ, ಮೂಗಿನಿಂದ. ಒಗ್ಗರಣೆಯ ಬೆಳ್ಳುಳ್ಳಿ ಘಮ ಇಲ್ಲದ ಸಾರು ಸಾರೇ ಅನ್ನಿಸುತ್ತಿರಲಿಲ್ಲ. ಇಲ್ಲಿ ರಸಾಯನಶಾಸ್ತ್ರ ನಮ್ಮ ಪರವಾಗಿದೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಸಾಂಬಾರಿನ ಈರುಳ್ಳಿಯನ್ನು ತಟ್ಟೆಯ ಅಂಚಿಗೆ ಎತ್ತಿಟ್ಟು ಉಂಡರೆ ಏನೂ ಪ್ರಯೋಜನವಿಲ್ಲ, ತೊಂದರೆಯೆಲ್ಲ ಆಗಲೇ ನೀರಿಗೆ ಇಳಿದಿರುತ್ತದೆ. ಅದೇ ಬೆಳ್ಳುಳ್ಳಿಯನ್ನು ಜಜ್ಜಿ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಕೆಂಪಗೆ ಕಾಯಿಸಿ, ಎಸಳುಗಳನ್ನು ಒಂದೂ ಬಿಡದೆ ತೆಗೆದು, ಆ ತುಪ್ಪದಲ್ಲಿ ಸಾಸಿವೆ, ಜೀರಿಗೆ, ಕರಿಬೇವು ಹಾಕಿ ತಿಳಿಸಾರಿಗೆ ಚುಯ್ಯೆನ್ನಿಸಿದರೆ ಘಮ ಪೂರ್ತಿ ಬರುತ್ತದೆ, ಹೊಟ್ಟೆಯ ಕಾಟ ಬರುವುದಿಲ್ಲ. ತೆಗೆದ ಎಸಳು ನಮ್ಮ ಮನೆಯವರ ಪಾಲು. ಇದನ್ನು ಅಂದಂದಿಗೇ ಮಾಡಿಕೊಳ್ಳಬೇಕು. ಬೆಳ್ಳುಳ್ಳಿ ಎಣ್ಣೆಯನ್ನು ಬಾಟಲಿಯಲ್ಲಿ ಹೊರಗಿಟ್ಟರೆ ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷ ಬೆಳೆಯುವ ಅಪಾಯವಿದೆ. ಈರುಳ್ಳಿಗೆ ಬದಲು ಈರುಳ್ಳಿ ಸೊಪ್ಪಿನ ಹಸಿರು ಭಾಗ ಮಾತ್ರ. ಮಂಡಕ್ಕಿ ಒಗ್ಗರಣೆಗೆ ಅದನ್ನು ಹೆಚ್ಚಿ ಹಾಕಿ, ಶೇಂಗಾ, ಅರಿಶಿನ, ನಿಂಬೆರಸ ಸೇರಿಸಿದರೆ ಸಂಜೆಯ ಐದು ಗಂಟೆ ದಾಟುತ್ತದೆ.

ಮದುವೆ ಮನೆಗಳಲ್ಲಿ "ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಇದೆ, ಬನ್ನಿ" ಎಂದು ಕರೆದು ಗೋಡಂಬಿ ಅರೆದ ಪನ್ನೀರ್ ಗ್ರೇವಿ ಬಡಿಸುತ್ತಾರೆ. ಗೋಡಂಬಿಯೂ ನನ್ನ ಪಟ್ಟಿಯಲ್ಲಿ ಹೊರಗಿನದೇ. ಅನ್ನ, ಮೊಸರು ಸ್ವಲ್ಪ, ಉಪ್ಪು ಎಂದು ಕೇಳಿದರೆ ಬೀಗರು ಅವಮಾನವಾಯಿತೇನೋ ಎಂಬಂತೆ ನೋಡುತ್ತಾರೆ. ಈಗ ಮನೆಯಲ್ಲೇ ಉಂಡು ಹೋಗಿ, ಎಲೆಯ ಮುಂದೆ ಚಿರೋಟಿಯನ್ನು ಅಕ್ಕಪಕ್ಕದವರಿಗೆ ದಾಟಿಸುತ್ತೇನೆ.

ಮರುಪರೀಕ್ಷೆ ನಡೆಯುತ್ತಿದೆ. ಒಂದು ಗುಂಪಿನ ಒಂದೇ ಪದಾರ್ಥ, ಮೂರು ದಿನ, ಪ್ರಮಾಣ ಏರಿಸುತ್ತಾ. ನಡುವೆ ಹೊಟ್ಟೆ ಶಾಂತವಾಗಲು ಬಿಡುವು. ಹಾಲು ಪಾಸಾಯಿತು. ಊರೆಲ್ಲ "ಹಾಲು ಬಿಡು" ಎಂದು ಹೇಳಿದ್ದ ಹಾಲೇ! ಈರುಳ್ಳಿ ಒಂದು ಚಮಚ ಪರವಾಗಿಲ್ಲ, ಬೆಳ್ಳುಳ್ಳಿ ಒಂದೇ ಎಸಳಿಗೂ ಗುಡುಗು. ತೊಗರಿಬೇಳೆ ತಿಳಿಸಾರು ಒಂದು ಬಟ್ಟಲು ನಡೆಯುತ್ತದೆ. ಜನವರಿಯಲ್ಲಿ ತವರಿನಿಂದ ಅವರೆಕಾಯಿ ಬಂದಾಗ ಅಮ್ಮ ರಾತ್ರಿಯಿಡೀ ನೆನೆಸಿ, ನೀರು ಚೆಲ್ಲಿ, ಹಿತಕಿ, ಮತ್ತೆ ತೊಳೆದು ಸಾರು ಮಾಡಿದರು. ನೆನೆಸಿದ ನೀರಿನ ಜೊತೆ ಆ ಸಕ್ಕರೆಗಳಲ್ಲಿ ಒಂದು ಪಾಲು ಹೋಗುತ್ತದೆ. ಅರ್ಧ ಬಟ್ಟಲು ಉಂಡೆ, ಸ್ವಲ್ಪ ಉಬ್ಬಿತು, ಸಹಿಸಿಕೊಂಡೆ. ಅದಕ್ಕೆ ಆ ಬೆಲೆ ಕೊಡಬಹುದು. ಹೂಕೋಸಿನ ಸರದಿ ಇನ್ನೂ ಬಂದಿಲ್ಲ. ಅದರ ಬಗ್ಗೆ ನನಗೆ ಅಂಥ ಆತುರವೂ ಇಲ್ಲ.