ಅಮೆರಿಕದ ಡಿಸೆಂಬರ್: ಉಡುಗೊರೆಗೆ ಕಾಗದ ಸುತ್ತುವ ಬಗೆ

ಡಿಸೆಂಬರಿನಲ್ಲಿ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರ ಕೈಗೆ ಒಂದು ಕೆಲಸ ತಾನಾಗಿ ಬಂದುಬಿಡುತ್ತದೆ: ಉಡುಗೊರೆಗಳಿಗೆ ಕಾಗದ ಸುತ್ತುವುದು. ಊರಿನಲ್ಲಾದರೆ ಅದು ಅಂಗಡಿಯವರ ಕೆಲಸ. ಗೋಡೆ ಗಡಿಯಾರವೋ ಡಿನ್ನರ್ ಸೆಟ್ಟೋ ಕೊಂಡು ‘ಗಿಫ್ಟ್ ಪ್ಯಾಕ್ ಮಾಡಿಕೊಡಿ’ ಅಂದರೆ ಮುಗಿಯಿತು. ಇಲ್ಲಿ ಹೆಚ್ಚಿನವರು ಮನೆಯಲ್ಲೇ ಸುತ್ತುತ್ತಾರೆ. ಮಕ್ಕಳ ಟೀಚರ್, ಪಕ್ಕದ ಮನೆಯವರು, ಆಫೀಸಿನ ಸೀಕ್ರೆಟ್ ಸಾಂಟಾ (ಚೀಟಿ ಎತ್ತಿ, ಹೆಸರು ಹೇಳದೆ ಸಹೋದ್ಯೋಗಿಗೆ ಉಡುಗೊರೆ ಕೊಡುವುದು), ಮೊಮ್ಮಕ್ಕಳು ಎಂದು ಎಣಿಸುತ್ತಾ ಹೋದರೆ ಹತ್ತು ಹದಿನೈದು ಡಬ್ಬ ಸುಲಭವಾಗಿ ಆಗುತ್ತವೆ. ಜೂನ್ ತಿಂಗಳಲ್ಲಿ ಶಾಲೆ ಪುಸ್ತಕಗಳಿಗೆ ಬೈಂಡ್ ಹಾಕಿ ರೂಢಿಯಿರುವ ಕೈಗೆ ಇದು ಕಷ್ಟವಲ್ಲ. ಕೆಡುವುದೆಲ್ಲ ಅಳತೆಯಲ್ಲಿ.

ಮೊದಲು ಕಾಗದದ ಮಾತು. ಇಲ್ಲಿ ಬಣ್ಣದ ಕಾಗದ ಊರಿನ ಹಾಗೆ ಬಿಡಿ ಹಾಳೆಯಲ್ಲಿ ಸಿಗುವುದು ಕಡಿಮೆ, ಸುರುಳಿಯಲ್ಲೇ ಹೆಚ್ಚು. ಸಾಮಾನ್ಯ ಸುರುಳಿಯ ಅಗಲ 30 ಇಂಚು. ಹಿಂಬದಿಯಲ್ಲಿ ಇಂಚಿನ ಚೌಕಳಿ ಗೆರೆ ಮುದ್ರಿಸಿರುವುದನ್ನೇ ಕೊಳ್ಳಿ. ಎರಡು ಕಾಸು ಹೆಚ್ಚಾದರೂ ಪರವಾಗಿಲ್ಲ, ಕತ್ತರಿ ಸೊಟ್ಟ ಹೋಗುವುದಿಲ್ಲ. ತೀರಾ ತೆಳು ಕಾಗದದಲ್ಲಿ ಡಬ್ಬದ ಮೇಲಿನ ಅಕ್ಷರವೂ ಕಾಣುತ್ತದೆ, ಮೂಲೆಯಲ್ಲೂ ಹರಿಯುತ್ತದೆ. ಮಿರುಗುವ ಫಾಯಿಲ್ ಕಾಗದ ಜಾರುತ್ತದೆ. ಮಿನುಗುಪುಡಿ ಅಂಟಿಸಿದ ಕಾಗದದ ಮೇಲೆ ಟೇಪು ಪುಡಿಯನ್ನಷ್ಟೇ ಹಿಡಿದು ಎದ್ದುಬರುತ್ತದೆ. ಕಲಿಯುವವರಿಗೆ ಕಂದು ಕ್ರಾಫ್ಟ್ ಕಾಗದದಂಥದ್ದು ಇನ್ನೊಂದಿಲ್ಲ. ಹಾಕಿದ ಮಡಿಕೆ ನಿಲ್ಲುತ್ತದೆ, ಕೆಂಪು ರಿಬ್ಬನ್ ಕಟ್ಟಿದರೆ ಕಣ್ಣಿಗೂ ಹಿತ.

ಈ ಅಚ್ಚಿನ ಕಾಗದ ಬಂದದ್ದು ಒಂದು ಕೊರತೆಯಿಂದ. 1917ರ ಕ್ರಿಸ್‌ಮಸ್ ಹೊತ್ತಿಗೆ ಕ್ಯಾನ್ಸಸ್ ಸಿಟಿಯ ಹಾಲ್ ಸಹೋದರರ ಅಂಗಡಿಯಲ್ಲಿ (ಮುಂದೆ ಹಾಲ್‌ಮಾರ್ಕ್ ಆದದ್ದು ಇದೇ) ಆಗ ಉಡುಗೊರೆಗೆ ಸುತ್ತುತ್ತಿದ್ದ ತೆಳು ಟಿಶ್ಯೂ ಕಾಗದ ಖಾಲಿಯಾಯಿತು. ಬದಲಿಗೆ, ಲಕೋಟೆಗಳ ಒಳಮೈಗೆ ಹಚ್ಚುವ ಫ್ರಾನ್ಸಿನ ಚಿತ್ತಾರದ ಕಾಗದವನ್ನು ಹಾಳೆಗೆ 10 ಸೆಂಟಿನಂತೆ ಮಾರಿದರು. ಪಾರದರ್ಶಕ ಟೇಪು ಬಂದದ್ದು 1930ರಲ್ಲಿ. ಈಗ ಉಡುಗೊರೆಗೆಂದೇ ಹೊಳಪಿಲ್ಲದ ಟೇಪು ಸಿಗುತ್ತದೆ, ಕಾಗದದ ಮೇಲೆ ಅದು ಕಾಣುವುದೇ ಇಲ್ಲ.

ಇನ್ನು ಅಳತೆ. 14 ಇಂಚು ಉದ್ದ, 10 ಇಂಚು ಅಗಲ, 4 ಇಂಚು ಎತ್ತರದ ಡಬ್ಬ ಇಟ್ಟುಕೊಳ್ಳೋಣ. ಅಗಲದ ಸುತ್ತ ಒಂದು ಸುತ್ತು ಬರಲು 10+4+10+4, ಅಂದರೆ 28 ಇಂಚು. ಒಂದರ ಮೇಲೊಂದು ಕೂರಲು 2 ಇಂಚು ಸೇರಿಸಿ, 30. ಸುರುಳಿಯ ಅಗಲ ಸರಿಯಾಗಿ ಹೊಂದಿತು. ಇನ್ನೊಂದು ಕಡೆ, ಉದ್ದ 14ರ ಜೊತೆಗೆ ಎರಡೂ ತುದಿಗೆ ಎತ್ತರದ ಮುಕ್ಕಾಲು ಪಾಲು, ಅಂದರೆ 3 ಇಂಚಿನಂತೆ 6. ಒಟ್ಟು 20. ಹೆಚ್ಚಿನವರು ಎಡವುವುದು ಈ ಮುಕ್ಕಾಲಿನಲ್ಲಿ. ‘ಇರಲಿ’ ಎಂದು ತುದಿಗೆ ಐದಾರು ಇಂಚು ಬಿಟ್ಟರೆ ಆ ಹೆಚ್ಚುವರಿಯನ್ನೆಲ್ಲ ಒಳಕ್ಕೆ ಮಡಚಬೇಕು, ಮೂಲೆಯಲ್ಲಿ ಪದರದ ಮೇಲೆ ಪದರ ಕೂತು ಡಬ್ಬದ ಕೆನ್ನೆ ಊದಿಕೊಳ್ಳುತ್ತದೆ. ಕತ್ತರಿಸುವ ಮೊದಲು ಕಾಗದವನ್ನು ಎತ್ತಿ ಡಬ್ಬದ ತುದಿಗೆ ಒತ್ತಿ ನೋಡಿ: ಮುಕ್ಕಾಲು ಭಾಗ ಮುಚ್ಚಿದರೆ ಸಾಕು.

ಡಬ್ಬವನ್ನು ಬೋರಲು ಹಾಕಿ ಕೆಲಸ ಶುರುಮಾಡಿ. ಆಗ ಜೋಡಣೆಯೆಲ್ಲ ತಳಕ್ಕೆ ಹೋಗುತ್ತದೆ. ಕಾಗದದ ಒಂದು ಅಂಚನ್ನು ಡಬ್ಬಕ್ಕೆ ಟೇಪಿನಿಂದ ಹಿಡಿಸಿ. ಇನ್ನೊಂದು ಅಂಚನ್ನು ಅರ್ಧ ಇಂಚು ಒಳಮಡಚಿ, ಬಿಗಿಯಾಗಿ ತಂದು ಅದರ ಮೇಲೆ ಅಂಟಿಸಿ. ಈ ಅರ್ಧ ಇಂಚು ಕತ್ತರಿಯ ಸೊಟ್ಟವನ್ನೆಲ್ಲ ನುಂಗುತ್ತದೆ. ತುದಿಗಳಲ್ಲಿ ಮೊದಲು ಎಡ ಬಲದ ಕಾಗದವನ್ನು ಒಳಕ್ಕೆ ಒತ್ತಿ. ಮೇಲೊಂದು ಕೆಳಗೊಂದು ಕಿವಿ ಉಳಿಯುತ್ತವೆ, ಎರಡರ ಪಕ್ಕಗಳೂ ಓರೆ. ಆ ಓರೆ ಮಡಿಕೆಗಳ ಮೇಲೆ ಉಗುರು ಎಳೆಯಿರಿ. ಮೇಲಿನ ಕಿವಿಯನ್ನು ಕೆಳಕ್ಕೆ ತಂದು ಅಂಟಿಸಿ, ಬಳಿಕ ಕೆಳಗಿನದನ್ನು ಮೇಲಕ್ಕೆ. ಡಬ್ಬ ತಿರುಗಿಸಿದಾಗ ಈ ಕೊನೆಯ ಕಿವಿ ಮೇಲಿನಿಂದ ಇಳಿಬಿದ್ದಂತೆ ಕಾಣುತ್ತದೆ, ಲಕೋಟೆಯ ಬಾಯಿಯ ಹಾಗೆ. ಕೊನೆಗೆ ಹೆಬ್ಬೆರಳು ತೋರುಬೆರಳಿನ ನಡುವೆ ಡಬ್ಬದ ಅಂಚುಗಳನ್ನೆಲ್ಲ ಒಮ್ಮೆ ಚಿವುಟುತ್ತಾ ಹೋಗಿ. ಒಂದೇ ನಿಮಿಷದ ಕೆಲಸ, ಆದರೆ ಅಂಗಡಿಯ ಗತ್ತು ಬರುವುದು ಇದರಿಂದಲೇ.

ಚೌಕ ಡಬ್ಬಕ್ಕೆ ಓರೆಯಾಗಿ ಸುತ್ತುವುದು ಲಾಭ. 6 ಇಂಚು ಚೌಕ, 2 ಇಂಚು ಎತ್ತರದ ಮೈಸೂರು ಪಾಕಿನ ಡಬ್ಬಕ್ಕೆ ನೇರವಾಗಿ ಸುತ್ತಲು 18×9 ಕಾಗದ ಬೇಕು. ಕಾಗದವನ್ನು ವಜ್ರಾಕಾರಕ್ಕೆ ತಿರುಗಿಸಿ ನಡುವೆ ಡಬ್ಬ ಇಟ್ಟು ನಾಲ್ಕು ಮೂಲೆಗಳನ್ನೂ ನಡುಮಧ್ಯಕ್ಕೆ ತಂದರೆ 12×12 ಸಾಕು. ಒಂದು ಬದಿ ಮತ್ತು ಎತ್ತರ ಕೂಡಿಸಿ 1.4ರಿಂದ ಗುಣಿಸಿ, ಅರ್ಧ ಮುಕ್ಕಾಲು ಇಂಚು ಸೇರಿಸಿದರೆ ಕಾಗದದ ಅಳತೆ ಸಿಗುತ್ತದೆ. ಉರುಟು ಡಬ್ಬಿಯ ತುದಿಗೆ ಸೀರೆಯ ನೆರಿಗೆ ಹಿಡಿದಂತೆ ಅರ್ಧರ್ಧ ಇಂಚು ಮಡಚುತ್ತಾ ಬಂದು, ಮೇಲೊಂದು ಬಿಲ್ಲೆ ಕತ್ತರಿಸಿ ಅಂಟಿಸಿ. ಬಟ್ಟೆ, ಮೆತ್ತನೆಯ ಗೊಂಬೆಗಳನ್ನು ನೇರ ಕಾಗದದಲ್ಲಿ ಸುತ್ತಬೇಡಿ. ಅವಕ್ಕೆ ಡಬ್ಬ ಅಥವಾ ಚೀಲವೇ ಸರಿ.

ರಿಬ್ಬನ್ನಿಗೂ ಲೆಕ್ಕವಿದೆ. ಉದ್ದ ಎರಡು ಸಲ, ಅಗಲ ಎರಡು ಸಲ, ಎತ್ತರ ನಾಲ್ಕು ಸಲ. ನಮ್ಮ ಮೊದಲ ಡಬ್ಬಕ್ಕೆ 64 ಇಂಚು, ಹೂಗಂಟಿಗೆ ಇನ್ನೊಂದು 26. ಏಳೂವರೆ ಅಡಿ.

ಮರೆಯಬಾರದ ಒಂದೆರಡು ಮಾತು. ಬೆಲೆ ಚೀಟಿ ಕಿತ್ತಿದ್ದೀರಾ ನೋಡಿ, ಬೆಲೆ ಕಾಣದ ಗಿಫ್ಟ್ ರಸೀದಿಯನ್ನು ಒಳಗೆ ಇಡಿ. ಅಳತೆ ಹೊಂದದಿದ್ದರೆ ಬದಲಿಸಿಕೊಳ್ಳುವುದು ಇಲ್ಲಿ ತೀರಾ ಸಹಜ, ಯಾರೂ ಬೇಸರಿಸುವುದಿಲ್ಲ. ಸುತ್ತಿ ಮುಗಿದ ಕೂಡಲೇ ಹೆಸರಿನ ಚೀಟಿ ಅಂಟಿಸಿ, ಒಂದೇ ಕಾಗದದ ಐದು ಡಬ್ಬ ಆದಮೇಲೆ ಯಾವುದು ಯಾರದೆಂದು ತಿಳಿಯದು. ವಿಮಾನದಲ್ಲಿ ಒಯ್ಯುವುದಾದರೆ ಸುತ್ತಬೇಡಿ. ಸುತ್ತಿದ್ದನ್ನು ತರಬಾರದು ಎಂದೇನಿಲ್ಲ, ಆದರೆ ತಪಾಸಣೆಯಲ್ಲಿ ಬಿಚ್ಚಿಸಬಹುದು. ಊರಿನಿಂದ ಬರುವವರು ಗುಳೇದಗುಡ್ಡದ ಖಣ ತಂದರೆ ಇನ್ನೂ ಒಳ್ಳೆಯದು. ಚೌಕವಾಗಿ ಕತ್ತರಿಸಿ, ನಡುವೆ ಡಬ್ಬ ಇಟ್ಟು, ಎದುರುಬದುರು ಮೂಲೆಗಳನ್ನು ಗಂಟು ಹಾಕಿ. ಮೂಲೆಯಿಂದ ಮೂಲೆಗೆ ಬಟ್ಟೆ ಡಬ್ಬದ ಸುಮಾರು ಮೂರು ಪಟ್ಟು ಉದ್ದ ಇರಬೇಕು. ಪಡೆದವರಿಗೆ ಆ ಬಟ್ಟೆಯೂ ಉಡುಗೊರೆಯೇ.

ಕ್ರಿಸ್‌ಮಸ್ ಬೆಳಗ್ಗೆ ಮಕ್ಕಳು ಎಲ್ಲವನ್ನೂ ಪರಪರ ಹರಿಯುತ್ತಾರೆ, ಅದೇ ಅವರ ಸಂಭ್ರಮ, ತಡೆಯಬೇಡಿ. ಆ ಕಾಗದವನ್ನು ಮಾತ್ರ ಬೆಂಕಿಗೂಡಿಗೆ ಹಾಕಬೇಡಿ. ಭಗ್ಗನೆ ಹತ್ತಿ ಚಿಮಣಿಯೊಳಗೂ ಬೆಂಕಿ ಹಿಡಿಯುವ ಅಪಾಯವಿದೆ. ಮುದ್ದೆ ಮಾಡಿ ನೋಡಿ: ಮುದ್ದೆಯಾಗಿಯೇ ಉಳಿದರೆ ಸಾಮಾನ್ಯವಾಗಿ ಮರುಬಳಕೆಗೆ ಹೋಗುತ್ತದೆ, ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ಕಿದೆ. ಮಿನುಗುಪುಡಿಯದು ಕಸಕ್ಕೇ. ಉಳಿದ ಸುರುಳಿ ಬಿಚ್ಚಿಕೊಳ್ಳದ ಹಾಗೆ, ಟಾಯ್ಲೆಟ್ ರೋಲಿನ ಖಾಲಿ ಕೊಳವೆಯನ್ನು ಉದ್ದಕ್ಕೆ ಸೀಳಿ ಬಳೆಯಂತೆ ತೊಡಿಸಿ, ಮಂಚದ ಕೆಳಗೆ ಮಲಗಿಸಿಡಿ. ಡಿಸೆಂಬರ್ 26ರಿಂದ ಇದೇ ಕಾಗದ ಅಂಗಡಿಗಳಲ್ಲಿ ರಿಯಾಯಿತಿಗೆ ಬರುತ್ತದೆ. ಮುಂದಿನ ವರ್ಷದ್ದನ್ನು ಆಗಲೇ ಕೊಂಡಿಡಿ.