ಹಾಗೂ ಇತರರು, ಹಾಗೂ ಸಿಬ್ಬಂದಿ

ನನ್ನದು ಮೂವತ್ತಾರು ವರ್ಷದ ಸರ್ವಿಸು. ಅದರಲ್ಲಿ ಹದಿನಾಲ್ಕು ವರ್ಷ ಠಾಣೆಯ ರೈಟರ್ ಆಗಿದ್ದೆ. ರೈಟರ್ ಅಂದರೆ ಹೊರಗಿನವರು ಗುಮಾಸ್ತ ಅಂದುಕೊಳ್ಳುತ್ತಾರೆ. ಆದರೆ ಬೀದಿಯಲ್ಲಿ ಏನೇ ನಡೆದಿರಲಿ, ಅದು ಕೋರ್ಟು ಮುಟ್ಟುವುದು ರೈಟರ್ ಬರೆದ ರೂಪದಲ್ಲೇ. ಸಾಹೇಬರು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು, ರೈಟರ್ ಮಾತ್ರ ಅದೇ ಕುರ್ಚಿಯಲ್ಲಿ. ಆ ಕುರ್ಚಿಯಲ್ಲಿ ಕೂತು ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

2016ರ ಸೆಪ್ಟೆಂಬರ್ 12, ಸೋಮವಾರ. ತಮಿಳುನಾಡಿಗೆ ಕಾವೇರಿಯಿಂದ 15,000 ಕ್ಯೂಸೆಕ್ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಒಂದು ವಾರದ ಹಿಂದೆ ಹೇಳಿತ್ತು. ಆವತ್ತು ಅದನ್ನು 12,000ಕ್ಕೆ ಇಳಿಸಿ, 20ನೇ ತಾರೀಕಿನವರೆಗೂ ಬಿಡಬೇಕು ಅಂದಿತು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರು ಹೊತ್ತಿಕೊಂಡಿತು. ನಾಯಂಡಹಳ್ಳಿ ಕಡೆಯ ಡಿಪೋದಲ್ಲಿ 40ಕ್ಕೂ ಹೆಚ್ಚು ಬಸ್ಸು ಸುಟ್ಟವು. ಹೆಗ್ಗನಹಳ್ಳಿಯಲ್ಲಿ ಗೋಲಿಬಾರ್ ಆಗಿ ಒಬ್ಬ ಯುವಕ ತೀರಿಕೊಂಡ. 16 ಠಾಣೆಗಳ ಸರಹದ್ದಿನಲ್ಲಿ ಕರ್ಫ್ಯೂ ಹಾಕಿದರು, ನಮ್ಮದೂ ಅದರಲ್ಲಿತ್ತು. ಯಾವ ಠಾಣೆ ಅಂತ ಬೇಡ.

ಗಣೇಶನ ವಿಸರ್ಜನೆ ಬಂದೋಬಸ್ತ್ ಇನ್ನೂ ಮುಗಿದಿರಲಿಲ್ಲ, ಮಾರನೇ ದಿನ ಬಕ್ರೀದ್. ಹುಡುಗರು ಮನೆ ಮುಖ ನೋಡಿ ನಾಲ್ಕು ದಿನ ಆಗಿತ್ತು. ಅದೇ ವರ್ಷ ಜೂನ್ 4ಕ್ಕೆ ಪೊಲೀಸರೇ ಸಾಮೂಹಿಕ ರಜೆ ಹಾಕ್ತಾರೆ ಅಂತ ರಾಜ್ಯವೆಲ್ಲ ಸುದ್ದಿಯಾಗಿದ್ದು ನೆನಪಿರಬಹುದು. ಆ ಬೇಸರ ಒಳಗೊಳಗೇ ಇತ್ತು. ಇದನ್ನು ನೆಪಕ್ಕೆ ಹೇಳುತ್ತಿಲ್ಲ, ಆವತ್ತಿನ ಠಾಣೆ ಹೇಗಿತ್ತು ಅಂತ ಹೇಳಿದೆ ಅಷ್ಟೆ.

ರಾತ್ರಿ ಹನ್ನೊಂದು ದಾಟಿತ್ತು. ಇನ್ಸ್‌ಪೆಕ್ಟರ್, ಎಸ್‌ಐಗಳೆಲ್ಲ ಬೀದಿಯಲ್ಲಿ. ಠಾಣೆಯಲ್ಲಿದ್ದವರಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದ ನಾನೇ ದೊಡ್ಡವನು, ಹಾಗಾಗಿ ಪ್ರಭಾರ ನನ್ನದು. ಕಾನ್‌ಸ್ಟೇಬಲ್‌ಗಿಂತ ಒಂದು ದರ್ಜೆ ಮೇಲಿದ್ದರೆ ಸಾಕು, ಅಧಿಕಾರಿಗಳಿಲ್ಲದಾಗ ಠಾಣೆ ನೋಡಿಕೊಳ್ಳಬಹುದು, ಕೇಸೂ ದಾಖಲಿಸಬಹುದು. ಟಿಎನ್ ನಂಬರಿನ ಲಾರಿಯೊಂದಕ್ಕೆ ಬೆಂಕಿ ಬಿದ್ದ ಜಾಗದಿಂದ ನಮ್ಮ ಎಎಸ್‌ಐ ಏಳು ಜನರನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದರು. ಎಎಸ್‌ಐ ಮೈಯೆಲ್ಲ ಹೊಗೆ ವಾಸನೆ. ಕುರ್ಚಿಗೆ ಒರಗಿ, "ನೀನೇ ಬರ್ಕೋ ಮಾರಾಯ, ಸೈನ್ ಹಾಕ್ತೀನಿ" ಅಂದರು.

ಗಲಾಟೆ ಕೇಸಿನ ಫಿರ್ಯಾದು ಯಾರೂ ಹೊಸದಾಗಿ ಬರೆಯುವುದಿಲ್ಲ. ಕಂಪ್ಯೂಟರಿನಲ್ಲಿ ಹಿಂದಿನ ಯಾವುದೋ ಕೇಸಿನದ್ದು ಇರುತ್ತದೆ. ತೆಗೆದು ತಾರೀಕು, ಜಾಗ, ವಾಹನದ ನಂಬರು ಬದಲಾಯಿಸುವುದು. ನಾನೂ ಅದನ್ನೇ ಮಾಡಿದೆ. "ಸುಮಾರು 150ರಿಂದ 200 ಜನರು ಅಕ್ರಮ ಕೂಟ ಕಟ್ಟಿಕೊಂಡು, ಕೈಗಳಲ್ಲಿ ಕಲ್ಲು, ದೊಣ್ಣೆ, ಸೈಕಲ್ ಚೈನುಗಳನ್ನು ಹಿಡಿದುಕೊಂಡು..." ಆಗಿನ ದಂಡ ಸಂಹಿತೆ ಐಪಿಸಿಯ 143, 147, 148 (ಅಕ್ರಮ ಕೂಟ, ದೊಂಬಿ), 435 (ಬೆಂಕಿ ಹಚ್ಚಿ ನಷ್ಟ), ಕೊನೆಗೆ 149. ಜೊತೆಗೆ ಆಸ್ತಿ ನಷ್ಟದ 1981ರ ನಮ್ಮ ರಾಜ್ಯದ ಕಾಯ್ದೆ. ಆರೋಪಿ ಕಾಲಮ್ಮಿನಲ್ಲಿ ಏಳು ಹೆಸರು ಹೊಡೆದು, ಅದರ ಕೆಳಗೆ ಸರ್ವಿಸಿನಲ್ಲಿ ಸಾವಿರ ಸಲ ಹೊಡೆದಿರಬಹುದಾದ ಎರಡು ಪದ ಸೇರಿಸಿದೆ: ಹಾಗೂ ಇತರರು.

ಈ ಎರಡು ಪದ ಎಷ್ಟು ದೊಡ್ಡ ಬಾಗಿಲು ಅಂತ ಠಾಣೆಯಲ್ಲಿ ಕೂತವರಿಗೆ ಗೊತ್ತು. 149 ಅಂದರೆ ಕೂಟದಲ್ಲಿ ಒಬ್ಬ ಮಾಡಿದ್ದು ಎಲ್ಲರ ತಲೆಗೂ ಬರುತ್ತಿತ್ತು. ಮೇಲಿಂದ "ಇನ್ನೂ ಎಷ್ಟು ಅರೆಸ್ಟು?" ಅಂತ ಫೋನು ಬಂದಾಗಲೆಲ್ಲ ಆ ಬಾಗಿಲಿನಿಂದ ಇನ್ನೊಬ್ಬರನ್ನು ಒಳಗೆ ಕರೆದುಕೊಳ್ಳಬಹುದು. ಎರಡು ವಾರ ಕಳೆದ ಮೇಲೆ ಹಾಗೆ ಒಳಗೆ ಬಂದವನು ಬೇಕರಿಯೊಂದರ ಹುಡುಗ. ಚನ್ನರಾಯಪಟ್ಟಣದ ಕಡೆಯವನು, ಹತ್ತೊಂಬತ್ತು ವರ್ಷ. ವಾಟ್ಸಾಪಿನಲ್ಲಿ ಬಂದ ಹನ್ನೊಂದು ಸೆಕೆಂಡಿನ ವಿಡಿಯೊದಲ್ಲಿ ಉರಿಯುವ ಲಾರಿ ಎದುರು ತಲೆ ಮೇಲೆ ಕೈ ಹೊತ್ತು ನಿಂತಿದ್ದ. ಅವನು ಎ-23, ಅಂದರೆ 23ನೇ ಆರೋಪಿ ಆದ.

ಅವನಮ್ಮ ಮೂರು ದಿನ ಠಾಣೆ ಮೆಟ್ಟಿಲ ಮೇಲೆ ಕೂತಿದ್ದರು. ಮೂರನೇ ದಿನ ನನ್ನ ಟೇಬಲ್ ಹತ್ತಿರ ಬಂದು ಕೇಳಿದರು: "ಅಣ್ಣಾ, ಆ ಕಾಗ್ದದಾಗೆ ನನ್ ಮಗನ ಹೆಸ್ರು ಎಲ್ಲೈತೆ, ಒಂದ್ಸಲ ತೋರ್ಸಿ." ತೋರಿಸುವುದಕ್ಕೆ ಹೆಸರೇ ಇರಲಿಲ್ಲ. "ಇತರರು" ಅಂತ ಇದ್ದ ಜಾಗ ತೋರಿಸುವಷ್ಟು ಗಟ್ಟಿ ಮುಖ ನನಗಿರಲಿಲ್ಲ. ಸಾಹೇಬರನ್ನ ಕೇಳಿ ಅಮ್ಮಾ ಅಂದುಬಿಟ್ಟೆ. ಅವನಿಗೆ ಜಾಮೀನು ಸಿಗುವಷ್ಟರಲ್ಲಿ ದೀಪಾವಳಿ ಕಳೆದಿತ್ತು.

ಕೇಸು ವಿಚಾರಣೆಗೆ ಬಂದದ್ದು ಮೂರು ವರ್ಷ ಬಿಟ್ಟು. ಕೇಸು ದಾಖಲಿಸಿದವನು ನಾನು, ಸಾಕ್ಷಿ ಕಟ್ಟೆ ಹತ್ತಲೇಬೇಕು. ಪಾಟೀ ಸವಾಲಿಗೆ ಎದ್ದ ವಕೀಲರು ದನಿ ಎತ್ತಲೇ ಇಲ್ಲ.

"ಸೈಕಲ್ ಚೈನು ಎಷ್ಟು ಜಪ್ತು ಮಾಡಿದ್ರಿ?"

"ಮಾಡಿಲ್ಲ ಸ್ವಾಮಿ."

"ಯಾರ ಕೈಲಿ ಇದ್ವು?"

"ನಾನು ಸ್ಥಳಕ್ಕೆ ಹೋಗಿರಲಿಲ್ಲ."

ಆಮೇಲೆ ಅವರು ಇನ್ನೊಂದು ಎಫ್‌ಐಆರ್ ತೆಗೆದರು. ನಮ್ಮದೇ ಠಾಣೆಯದ್ದು, ಎರಡು ವರ್ಷ ಹಳೆಯದು, ಬೇರೆ ಯಾವುದೋ ಬಂದ್ ಗಲಾಟೆ. ಅದೇ ಸಾಲು, ಅದೇ ಸೈಕಲ್ ಚೈನು. ಎರಡರಲ್ಲೂ 'ದೊಣ್ಣೆ'ಗೆ ಒತ್ತು ಬಿಟ್ಟುಹೋಗಿ 'ದೊಣೆ' ಆಗಿತ್ತು. ಜಡ್ಜ್ ಸಾಹೇಬರು ಎರಡೂ ಹಾಳೆಯನ್ನು ಅಕ್ಕಪಕ್ಕ ಇಟ್ಟು ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆ ಒಂದು ಒತ್ತಿನಿಂದ ನನ್ನ ಮಾನ ಹೋಯಿತು. ಎಲ್ಲರೂ ಖುಲಾಸೆ. ಬೇಕರಿ ಹುಡುಗನೂ ಹೊರಬಂದ, ನಿಜವಾಗಿ ಬೆಂಕಿ ಹಚ್ಚಿದವನೂ ಹೊರಬಂದ. ಗುಂಪು ಕೇಸಿನಲ್ಲಿ ಒಬ್ಬ ಆರೋಪಿ ಅಲ್ಲಿದ್ದ ಅಂತ ನಂಬಬೇಕಾದರೆ ಕನಿಷ್ಠ ಇಬ್ಬರು ಮೂವರು ಸಾಕ್ಷಿಗಳು ಒಂದೇ ರೀತಿ ಹೇಳುತ್ತಾರಾ ನೋಡುವುದು ಒಳ್ಳೆಯದು ಅಂತ ಸುಪ್ರೀಂ ಕೋರ್ಟ್ 1964ರಲ್ಲೇ ಮಸಾಲ್ತಿ ಕೇಸಿನಲ್ಲಿ ಹೇಳಿದೆ. ನಮ್ಮ ಕೇಸಿನಲ್ಲಿ ಒಬ್ಬರ ಮೇಲೂ ಒಬ್ಬ ಸಾಕ್ಷಿ ನೆಟ್ಟಗೆ ಬೆರಳು ತೋರಿಸಲಿಲ್ಲ.

ಕಥೆಯ ಇನ್ನೊಂದು ಮಗ್ಗುಲು ಇದೆ. ನನ್ನ ಕಣ್ಣು ತೆರೆಸಿದ್ದು ನಿಜಕ್ಕೂ ಅದು.

ಗಲಾಟೆಯ ಅದೇ ಸಂಜೆ ನಮ್ಮ ಸರ್ಕಲ್ಲಿನ ಮೆಡಿಕಲ್ ಶಾಪಿನವರು ಷಟರ್ ಎಳೆಯುತ್ತಿದ್ದಾಗ ಲಾಠಿ ಏಟು ಬಿದ್ದು ಹಣೆಗೆ ಹೊಲಿಗೆ ಹಾಕಿಸಿಕೊಂಡಿದ್ದರು. ದೂರು ಕೊಟ್ಟರು, ಇಲಾಖಾ ವಿಚಾರಣೆ ಬಂತು. ಐದರಿಂದ ಏಳರವರೆಗೆ ಆ ಮೂಲೆಯಲ್ಲಿ ಯಾರ್ಯಾರಿದ್ದರು ಅಂತ ಕೇಳಿದರು. ಠಾಣೆ ಡೈರಿ ತೆಗೆದೆ. ನನ್ನದೇ ಬರಹ: "ಸಾಹೇಬರು ಹಾಗೂ ಸಿಬ್ಬಂದಿಯವರು ಧ್ವನಿವರ್ಧಕದ ಮೂಲಕ ಎಚ್ಚರಿಕೆ ನೀಡಿ, ಲಘು ಲಾಠಿ ಪ್ರಹಾರ ನಡೆಸಿ ಗುಂಪನ್ನು ಚದುರಿಸಿರುತ್ತಾರೆ." ಮೈಕಿನ ಬ್ಯಾಟರಿ ಆವತ್ತು ಮಧ್ಯಾಹ್ನವೇ ಸತ್ತಿತ್ತು. ಲಘು ಅನ್ನುವುದಂತೂ ಹಣೆಗೆ ಎಷ್ಟು ಹೊಲಿಗೆ ಬಿದ್ದರೂ ಲಘುವೇ. ಭಾರೀ ಲಾಠಿ ಪ್ರಹಾರ ಅಂತ ಬರೆದ ಡೈರಿ ನಾನು ನೋಡಿಲ್ಲ.

ಮಜಾ ಅಂದರೆ, ಆ ಅಂಗಡಿಯವರಿಗೆ ಹೆಸರು ಗೊತ್ತಿದ್ದ ಪೊಲೀಸ್ ಒಬ್ಬನೇ, ಬೀಟ್ ಹುಡುಗ. ದಿನಾ ಟೀ ಕುಡಿಯಲು ಅಲ್ಲಿಗೇ ಹೋಗುತ್ತಿದ್ದವನು. ಪಾಪ, ಅವನ ತಲೆಗೇ ಬರುವುದರಲ್ಲಿತ್ತು. ಅವನು ಆ ಹೊತ್ತಿನಲ್ಲಿ ಒಂದು ಕಿಲೋಮೀಟರ್ ದೂರದ ಪೆಟ್ರೋಲ್ ಬಂಕ್ ಕಾಯುತ್ತಿದ್ದ. ಅದಕ್ಕೆ ಠಾಣೆಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ; ಅವನನ್ನು ಉಳಿಸಿದ್ದು ಬಂಕಿನ ಸಿಸಿಟಿವಿ. ವಿಚಾರಣಾ ವರದಿಯ ಕೊನೆಯ ಸಾಲನ್ನು ಟೈಪ್ ಮಾಡಿದವನೂ ನಾನೇ: "ನಿರ್ದಿಷ್ಟವಾಗಿ ಯಾರೆಂಬುದು ತಿಳಿದುಬಂದಿರುವುದಿಲ್ಲ." ಬೀದಿಯ ಆ ಕಡೆ ಹಾಗೂ ಇತರರು, ಈ ಕಡೆ ಹಾಗೂ ಸಿಬ್ಬಂದಿ. ಎರಡೂ ನನ್ನ ಕೀಬೋರ್ಡಿನಿಂದಲೇ ಬಂದದ್ದು.

ಪೊಲೀಸ್ ಸುಧಾರಣೆ ಅಂದಾಗ ಎಲ್ಲರೂ ಸುಪ್ರೀಂ ಕೋರ್ಟಿನ ಪ್ರಕಾಶ್ ಸಿಂಗ್ ಕೇಸಿನ ಹೆಸರು ಹೇಳುತ್ತಾರೆ. 2006ರ ಸೆಪ್ಟೆಂಬರ್ 22ರ ಆ ಆದೇಶದಲ್ಲಿ ಏಳು ನಿರ್ದೇಶನಗಳಿವೆ. ಪೊಲೀಸರ ಮೇಲಿನ ದೂರಿಗೆ ಪ್ರಾಧಿಕಾರ ಬೇಕು ಅನ್ನುವುದು ಅದರಲ್ಲೊಂದು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅದಕ್ಕೆ ಜಾಗವನ್ನೂ ಮಾಡಿತು. ನಾನಿದ್ದ ಠಾಣೆಗಳ ಗೋಡೆಯಲ್ಲಿ ಮಾತ್ರ ಅದರ ವಿಳಾಸ ಬರೆದ ಬೋರ್ಡು ಕಂಡಿಲ್ಲ. ಆದರೆ ರೈಟರ್ ಕುರ್ಚಿಯಿಂದ ನೋಡಿದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು: ತನಿಖೆಯನ್ನೂ ಕಾನೂನು ಸುವ್ಯವಸ್ಥೆಯನ್ನೂ ಬೇರೆ ಮಾಡಿ, ಹತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರುಗಳಿಂದಲೇ ಶುರು ಮಾಡಿ ಅಂದದ್ದು. ಹಗಲೆಲ್ಲ ಕಲ್ಲೇಟು ತಿಂದು, ಹೊಗೆ ಕುಡಿದು ಬಂದ ಎಎಸ್‌ಐ ರಾತ್ರಿ ಅದೇ ಗುಂಪಿನ ಮೇಲೆ ಫಿರ್ಯಾದುದಾರ ಆಗುತ್ತಾರೆ. ಅವರ ಪಕ್ಕದ ಟೇಬಲ್ಲಿನವರೇ ತನಿಖಾಧಿಕಾರಿ. ಅಲ್ಲಿ ಬೇಕರಿ ಹುಡುಗನ ಮಾತು ಕೇಳುವ ವ್ಯವಧಾನ ಯಾರಿಗೆ ಉಳಿದಿರುತ್ತದೆ?

ಕೋರ್ಟಿನಿಂದ ಬಂದ ಮೇಲೆ ನಾನು ಮಾಡಿದ್ದು ಸಣ್ಣ ಕೆಲಸ. ಒಂದು ಲಾಂಗ್ ನೋಟ್‌ಬುಕ್ ತಂದೆ. ಬಂದೋಬಸ್ತಿಗೆ ಹೊರಡುವ ಮುಂಚೆ ಯಾರು, ಯಾವ ಪಾಯಿಂಟು, ಯಾವ ಹೊತ್ತಿನಿಂದ, ಗ್ಯಾಸ್ ಗನ್ ಯಾರ ಕೈಲಿ, ಎಷ್ಟು ಶೆಲ್ಲು ಹೋಯಿತು, ಎಷ್ಟು ವಾಪಸ್ ಬಂತು, ಎಲ್ಲ ಬರೆದು ಸೈನ್ ಹಾಕಿಸಿಕೊಳ್ಳತೊಡಗಿದೆ. ಹಳೇ ಫಿರ್ಯಾದುಗಳ ಫೋಲ್ಡರ್ ಅಳಿಸಿಬಿಟ್ಟೆ. "ಇತರರು" ಅಂತ ಹಾಕಲೇಬೇಕಾದರೆ ಅವರನ್ನು ನೋಡಿದವರು ಯಾರು, ಯಾವ ಗುರುತು, ಮತ್ತೆ ನೋಡಿದರೆ ಪತ್ತೆ ಹಚ್ಚುತ್ತೀರಾ ಅಂತ ಕೇಳಿ ಫಿರ್ಯಾದಿನಲ್ಲೇ ಬರೆಯುತ್ತಿದ್ದೆ. ಹುಡುಗರು ಮೊದಲು ಗೊಣಗಿದರು: "ಏನ್ ರೈಟ್ರೇ, ನಮ್ ಕುತ್ಗೆಗೆ ನೀವೇ ಹಗ್ಗ ರೆಡಿ ಮಾಡ್ತಿದೀರ?" ಬಾಯಿ ಮುಚ್ಚಿಸಿದವನು ಬಂಕ್ ಕಾಯ್ದ ಹುಡುಗ. "ಆವತ್ತು ಈ ಬುಕ್ ಇದ್ದಿದ್ರೆ ನಾನು ಆರು ತಿಂಗಳು ನಿದ್ದೆಗೆಡ್ತಿರ್ಲಿಲ್ಲ" ಅಂದ.

ಹೆಸರಿನ ವಿಷಯದಲ್ಲಿ ಮಾತ್ರ ಸೋತೆ. ಬಂಧಿಸುವ ಪೊಲೀಸರ ಹೆಸರು, ಹುದ್ದೆಯ ಪಟ್ಟಿ ಸ್ಪಷ್ಟವಾಗಿ ಕಾಣಬೇಕು ಅಂತ ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನ ಮೊದಲ ನಿಯಮವೇ ಹೇಳುತ್ತದೆ. ದಿನನಿತ್ಯ ಕಾಣುತ್ತದೆ, ಸರಿ. ಗಲಾಟೆ ದಿನ ಬಾಡಿ ಪ್ರೊಟೆಕ್ಟರ್ ಹಾಕಿದ ತಕ್ಷಣ ನೇಮ್‌ಪ್ಲೇಟು ಅದರಡಿ ಹೋಯಿತು, ಮುಖ ಹೆಲ್ಮೆಟ್ಟಿನೊಳಗೆ ಹೋಯಿತು. ಹೆಸರು ಬೇಕಾಗುವ ದಿನವೇ ಹೆಸರಿಲ್ಲ. ಒಂದು ಬಂದ್ ಹಿಂದಿನ ರಾತ್ರಿ ಬಿಳಿ ಟೇಪು ತಂದು, ಮಾರ್ಕರಿನಲ್ಲಿ ಅವರವರ ಕಾನ್‌ಸ್ಟೇಬಲ್ ನಂಬರು ಬರೆದು ಎಲ್ಲ ಪ್ರೊಟೆಕ್ಟರುಗಳ ಮೇಲೂ ಅಂಟಿಸಿದೆ. ಬೆಳಿಗ್ಗೆ ಸಾಹೇಬರು ನೋಡಿ, "ಏನ್ರೀ ಇದು, ಕಬಡ್ಡಿ ಟೀಮಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೂ ಕೀಳಿಸಲಿಲ್ಲ, ಟೇಪು ಒಂದು ವಾರ ಇತ್ತು, ಬೆವರಿಗೆ ತಾನಾಗೇ ಬಿಚ್ಚಿಕೊಂಡಿತು.

2024ರಲ್ಲಿ ಎಎಸ್‌ಐ ಆಗಿ ನಿವೃತ್ತನಾದೆ. ಹೊರಡುವ ತಿಂಗಳು ಠಾಣೆಗೆ ಹೊಸ ಪ್ರೊಟೆಕ್ಟರುಗಳು ಬಂದವು. ಹಳೆಯದಕ್ಕಿಂತ ಹಗುರ, ಒಳ್ಳೇ ಮಾಲು. ಸ್ಟಾಕ್ ಬುಕ್ಕಿಗೆ ಹತ್ತಿಸಲು ಒಂದೊಂದೇ ಎತ್ತಿ ನೋಡಿದೆ. ಎದೆ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ ಪೊಲೀಸ್ ಅಂತ ಬರೆದಿತ್ತು. ಬೇರೆ ಏನನ್ನೂ ಅಂಟಿಸಲು ಜಾಗ ಬಿಟ್ಟಿರಲಿಲ್ಲ.