ಮೊತ್ತ ಒಂದೇ ಇತ್ತು, ದುಡ್ಡು ಬೇರೆಯಾಗಿತ್ತು

ಅಮೆರಿಕದ ಒಂದು ಸರ್ಕಾರಿ ಯೂನಿವರ್ಸಿಟಿಯ ಫೈನಾನ್ಶಿಯಲ್ ಏಡ್ ಆಫೀಸಿನಲ್ಲಿ ನಾನು ಕೆಲಸ ಮಾಡುತ್ತೇನೆ. ವಿದ್ಯಾರ್ಥಿಗಳ ಫೀಸು, ಸಾಲ, ಸ್ಕಾಲರ್‌ಶಿಪ್, ಎಲ್ಲದರ ಲೆಕ್ಕ ನಮ್ಮ ಕೌಂಟರ್ ದಾಟಿಯೇ ಹೋಗಬೇಕು. ಫುಟ್‌ಬಾಲ್ ತಂಡದ ಹುಡುಗರ ಲೆಕ್ಕವೂ ನನ್ನ ಹತ್ತಿರವೇ ಇದೆ. ಇದು ನಮ್ಮ ಊರಿನ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿ ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಆಟ. ನಮ್ಮ ಕ್ಯಾಂಪಸ್‌ನಲ್ಲಿ ಶನಿವಾರ ಮ್ಯಾಚ್ ಇದ್ದರೆ ಶುಕ್ರವಾರ ಮಧ್ಯಾಹ್ನದಿಂದಲೇ ಪಾರ್ಕಿಂಗ್ ಸಿಗುವುದಿಲ್ಲ.

2023ರ ಜೂನ್‌ನಲ್ಲಿ ಒಬ್ಬ ಹುಡುಗ ಬಂದ. ಇದೇ ರಾಜ್ಯದವನು, ಎರಡು ವರ್ಷ ಮುಗಿಸಿದ್ದ. ಕೌಂಟರ್ ಮುಂದೆ ನಿಂತರೆ ಹಿಂದಿನ ಕಿಟಕಿಯ ಬೆಳಕೇ ಮುಚ್ಚಿಹೋಗುವಷ್ಟು ದೊಡ್ಡ ಆಳು, ಮಾತು ಮಾತ್ರ ಬಹಳ ಮೆತ್ತಗೆ. ಕೈಯಲ್ಲಿ ಒಂದು ಫಾರಂ ಇತ್ತು: "ಮುಂದಿನ ವರ್ಷದ ಫುಟ್‌ಬಾಲ್ ಸ್ಕಾಲರ್‌ಶಿಪ್ ನನಗೆ ಬೇಡ" ಎಂದು ಸಹಿ ಮಾಡಿದ್ದು.

"ಯಾಕಪ್ಪಾ ಬಿಡ್ತಾ ಇದೀಯ?" ಎಂದು ಕೇಳಿದೆ.

"ಎನ್‌ಐಎಲ್‌ನಿಂದ ಅಷ್ಟೇ ದುಡ್ಡು ಕೊಡ್ತಾರಂತೆ ಸರ್. 28,000 ಡಾಲರ್. ನನ್ನ ಜಾಗ ಹೊಸದಾಗಿ ಬರುವ ಹುಡುಗನಿಗೆ ಬೇಕಂತೆ."

ಎನ್‌ಐಎಲ್ (ನೇಮ್, ಇಮೇಜ್, ಲೈಕ್‌ನೆಸ್) ಅಂದರೆ ಆಟಗಾರನ ಹೆಸರು, ಮುಖ ಬಳಸಿಕೊಳ್ಳಲು ಹೊರಗಿನವರು ಕೊಡುವ ದುಡ್ಡು. ಉಳಿದ ಮಾತು ಅರ್ಥವಾಗಬೇಕಾದರೆ 85ರ ಲೆಕ್ಕ ಗೊತ್ತಿರಬೇಕು. ಕಾಲೇಜು ಫುಟ್‌ಬಾಲ್‌ನ ಮೇಲಿನ ಹಂತದಲ್ಲಿ ಒಂದು ತಂಡ 85 ಆಟಗಾರರಿಗೆ ಮಾತ್ರ ಸ್ಕಾಲರ್‌ಶಿಪ್ ಕೊಡಬಹುದಿತ್ತು. 1970ರ ದಶಕದಲ್ಲಿ ಈ ಮಿತಿ 105 ಇತ್ತು, ಆಮೇಲೆ 95 ಆಯಿತು, 1990ರ ದಶಕದಲ್ಲಿ 85ಕ್ಕೆ ಇಳಿಯಿತು. ಲೆಕ್ಕ ತಲೆಯದ್ದು, ದುಡ್ಡಿನದ್ದಲ್ಲ. ಒಬ್ಬನಿಗೆ ಅರ್ಧ ಫೀಸು ಕೊಟ್ಟರೂ ಒಂದು ತಲೆ, ಪೂರ್ತಿ ಕೊಟ್ಟರೂ ಒಂದು ತಲೆ. ಶ್ರೀಮಂತ ಯೂನಿವರ್ಸಿಟಿಗಳು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡು ಬೆಂಚಿನ ಮೇಲೆ ಕೂರಿಸಬಾರದು ಅನ್ನುವುದು ಇದರ ಹಿಂದಿನ ಒಂದು ಮುಖ್ಯ ಕಾರಣ. ನನಗೆ ಇದು ನ್ಯಾಯವಾದ ನಿಯಮ ಅಂತಲೇ ಅನ್ನಿಸುತ್ತಿತ್ತು. 85ರ ಆಚೆ ತಂಡದಲ್ಲಿ ಇರುವವರನ್ನು ವಾಕ್‌ಆನ್ ಅನ್ನುತ್ತಾರೆ. ಅವರದ್ದೂ ಅದೇ ಬೆಳಗಿನ ಐದೂವರೆಯ ಪ್ರ್ಯಾಕ್ಟೀಸು, ಅದೇ ಮಂಡಿನೋವು. ಫೀಸು ಮಾತ್ರ ಮನೆಯಿಂದ.

2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡ್ಡು ಮಾಡಬಹುದು ಅಂತಾಯಿತು. ಅದೇ ಎನ್‌ಐಎಲ್. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಯೂಟಾದ ಬ್ರಿಗ್‌ಹ್ಯಾಮ್ ಯಂಗ್ ಯೂನಿವರ್ಸಿಟಿಯ ವಾಕ್‌ಆನ್ ಹುಡುಗರಿಗೆ ಬಿಲ್ಟ್ ಅನ್ನುವ ಪ್ರೋಟೀನ್ ಬಾರ್ ಕಂಪನಿ ಫೀಸಿನಷ್ಟು ದುಡ್ಡು ಕೊಡುತ್ತೇನೆ ಎಂದಿತು. ಕೋಚ್ ಅದನ್ನು ತಂಡಕ್ಕೆ ಹೇಳಿದಾಗ ಹುಡುಗರು ಕುಣಿದಾಡಿದ ವಿಡಿಯೋವನ್ನು ನಮ್ಮ ಆಫೀಸಿನಲ್ಲಿ ಎಲ್ಲರೂ ನೋಡಿದೆವು. ನನಗೂ ತುಂಬಾ ಖುಷಿಯಾಗಿತ್ತು. ಮರುವರ್ಷ ಟೆಕ್ಸಸ್ ಟೆಕ್ ಬೆಂಬಲಿಗರ ಮೆಟಡೋರ್ ಕ್ಲಬ್, ತಂಡದ 100 ಆಟಗಾರರಿಗೆ ವರ್ಷಕ್ಕೆ 25,000 ಡಾಲರ್ ಎಂದು ಘೋಷಿಸಿತು. ಅದರಲ್ಲಿ ವಾಕ್‌ಆನ್‌ಗಳೂ ಇದ್ದರು.

ಇಲ್ಲಿರುವ ಸಂದು ನಿಮಗೂ ಕಾಣಿಸಿತು, ಅಲ್ವಾ? ಕಂಪನಿಯೋ ಅಭಿಮಾನಿಗಳ ಕೂಟವೋ ಕೊಟ್ಟ ದುಡ್ಡು ಯೂನಿವರ್ಸಿಟಿಯ ಸ್ಕಾಲರ್‌ಶಿಪ್ ಅಲ್ಲ. ಹಾಗಾಗಿ ಆ ಹುಡುಗನ ತಲೆ 85ರಲ್ಲಿ ಸೇರುವುದಿಲ್ಲ. ಆ ಫೀಸಿನ ಖರ್ಚನ್ನು ಹೊರಗಿನವರು ಹೊತ್ತರೆ, ಒಂದು ಸ್ಕಾಲರ್‌ಶಿಪ್ ಜಾಗ ಖಾಲಿಯಾಗುತ್ತದೆ. ಕಾಗದದ ಮೇಲೆ 85, ಮೈದಾನದಲ್ಲಿ 86, 87.

ಆ ದಿನ ನಾನು ಹುಡುಗನಿಗೆ ಹೇಳಿದ ಮಾತು ಇನ್ನೂ ನೆನಪಿದೆ. "ಮೊತ್ತ ಅಷ್ಟೇ ಇದ್ರೆ ನಿನಗೇನೂ ನಷ್ಟ ಇಲ್ಲ ಬಿಡು." ಫಾರಂ ತೆಗೆದುಕೊಂಡೆ, ಸ್ಕ್ರೀನಿನಲ್ಲಿ ಅವನ ಹೆಸರಿನ ಮುಂದಿದ್ದ ಸ್ಕಾಲರ್‌ಶಿಪ್ ಸಾಲನ್ನು ತೆಗೆದೆ. ಎರಡು ನಿಮಿಷದ ಕೆಲಸ. ಅವನು ಥ್ಯಾಂಕ್ಸ್ ಹೇಳಿ ಹೋದ.

ಮೊದಲ ಪೆಟ್ಟು ಆಗಸ್ಟ್‌ನಲ್ಲೇ ಬಿತ್ತು. ಸ್ಕಾಲರ್‌ಶಿಪ್ ಇದ್ದಾಗ ಸೆಮಿಸ್ಟರ್ ಶುರುವಾಗುವ ಮೊದಲೇ ದುಡ್ಡು ನೇರವಾಗಿ ಅವನ ಖಾತೆಗೆ ಜಮೆ ಆಗುತ್ತಿತ್ತು. ಈಗ ಅವನಿಗೆ ಎನ್‌ಐಎಲ್ ದುಡ್ಡು ಕೊಡಲು ಒಪ್ಪಿದ್ದ ಅಭಿಮಾನಿಗಳ ಕೂಟ ಕೊಡುವುದು ತಿಂಗಳಿಗೆ 2,800ರಂತೆ, ಹತ್ತು ಕಂತು. ಫೀಸು ಕಟ್ಟುವ ಕಡೆಯ ದಿನ ಬಂದಾಗ ಅವನ ಕೈಯಲ್ಲಿ ಇದ್ದದ್ದು ಒಂದೇ ಕಂತು. ಖಾತೆಗೆ ಬ್ಲಾಕ್ ಬಿತ್ತು, ಲೇಟ್ ಫೀಸು ಬಿತ್ತು. ಅದನ್ನು ಹೇಗೋ ಸರಿ ಮಾಡಿಸಿದೆ.

ಡಿಸೆಂಬರ್‌ನಲ್ಲಿ ಕೋಚ್ ಬದಲಾದರು. ಜನವರಿಯ ಕಂತು ಬರಲಿಲ್ಲ. ಕರಾರಿನ ಕೊನೆಯ ಪುಟದಲ್ಲಿ, ಯಾವ ಪಕ್ಷವಾದರೂ 30 ದಿನದ ನೋಟಿಸ್ ಕೊಟ್ಟು ನಿಲ್ಲಿಸಬಹುದು ಎಂದು ಬರೆದಿತ್ತು. ಆ ಪುಟವನ್ನು ನಾನು ಜೂನ್‌ನಲ್ಲಿ ಕೇಳಿಯೇ ಇರಲಿಲ್ಲ. ಸ್ಕಾಲರ್‌ಶಿಪ್ ವಾಪಸ್ ಕೊಡಿ ಅಂದರೆ 85 ಭರ್ತಿಯಾಗಿತ್ತು.

ಅವನ ಅಮ್ಮ ಮೂರು ಗಂಟೆ ಕಾರು ಓಡಿಸಿಕೊಂಡು ಬಂದರು. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮುಗಿಸಿ, ಯೂನಿಫಾರ್ಮ್‌ನಲ್ಲೇ. ಬೈಯಲಿಲ್ಲ. "ನೀವು ಸರಿ ಅಂದ್ರಿ ಅಂತ ಮಗ ಹೇಳಿದ. ಅದಕ್ಕೇ ನಾನೂ ಹೂಂ ಅಂದೆ" ಎಂದರು. ನಾನು ತಲೆ ಎತ್ತಿ ನೋಡಲಾರದೆ ಲೋನ್ ಅರ್ಜಿ ತೆರೆದೆ. ಅವನ ಹೆಸರಿಗೆ ಫೆಡರಲ್ ಸಾಲ ವರ್ಷಕ್ಕೆ 7,500 ಡಾಲರ್ ಮಾತ್ರ ಸಿಗುತ್ತದೆ. ಉಳಿದದ್ದಕ್ಕೆ ಅಮ್ಮನೇ ತಮ್ಮ ಹೆಸರಿನಲ್ಲಿ ಪೇರೆಂಟ್ ಪ್ಲಸ್ ಸಾಲ ಮಾಡಿದರು.

ಏಪ್ರಿಲ್‌ನಲ್ಲಿ ಟ್ಯಾಕ್ಸು. ಫೀಸು, ಪುಸ್ತಕಕ್ಕೆ ಹೋಗುವ ಸ್ಕಾಲರ್‌ಶಿಪ್‌ಗೆ ಇಲ್ಲಿ ತೆರಿಗೆ ಇಲ್ಲ. ಎನ್‌ಐಎಲ್ ದುಡ್ಡು ಹಾಗಲ್ಲ, ಅದು ಸ್ವಂತ ವ್ಯಾಪಾರದ ಆದಾಯ. ಅದರ 92.35 ಪರ್ಸೆಂಟ್ ಭಾಗದ ಮೇಲೆ 15.3 ಪರ್ಸೆಂಟ್ ಸ್ವಯಂ ಉದ್ಯೋಗ ತೆರಿಗೆ ಬೀಳುತ್ತದೆ. ಐದು ಕಂತಿನ 14,000 ಡಾಲರಿಗೆ ಅವನು ಕಟ್ಟಬೇಕಾದದ್ದು ಸುಮಾರು 1,980 ಡಾಲರ್. ಅವನ ಕೈಗೆ ಬಂದ ದುಡ್ಡು ಫೀಸಿಗೆ ಹೋಗಿ ಆಗಿತ್ತು.

ಇದಕ್ಕಿಂತ ನಿಧಾನವಾಗಿ ಬರುವ ಪೆಟ್ಟು ಇನ್ನೊಂದಿದೆ. ಬಡ ಕುಟುಂಬದ ಮಕ್ಕಳಿಗೆ ಸಿಗುವ ಪೆಲ್ ಗ್ರ್ಯಾಂಟ್‌ನಂಥ ಸರ್ಕಾರಿ ನೆರವನ್ನು ಎರಡು ವರ್ಷ ಹಿಂದಿನ ಆದಾಯ ನೋಡಿ ಲೆಕ್ಕ ಹಾಕುತ್ತಾರೆ. 2023ರಲ್ಲಿ ಗಳಿಸಿದ್ದು 2025-26ರ ಅರ್ಜಿಯಲ್ಲಿ ಕಾಣಿಸುತ್ತದೆ. ದುಡ್ಡು ನಿಂತುಹೋಗಿರುತ್ತದೆ, ಆದರೆ ಆ ದುಡ್ಡಿನ ಹೆಸರಿನಲ್ಲಿ ನೆರವು ಕಡಿಮೆಯಾಗಬಹುದು. ಇದು ನನಗೆ ಚೆನ್ನಾಗಿಯೇ ಗೊತ್ತಿತ್ತು. ದಿನಾ ಮಾಡುವ ಲೆಕ್ಕವೇ ಇದು. ಎದುರಿಗೆ ನಿಂತ ಹುಡುಗನಿಗೆ ಹೇಳಬೇಕು ಅಂತ ಮಾತ್ರ ಹೊಳೆಯಲಿಲ್ಲ, ಯಾಕೆಂದರೆ ನಾನು ಮೊತ್ತವನ್ನಷ್ಟೇ ನೋಡಿದ್ದೆ.

ವಿದೇಶಿ ಹುಡುಗರ ವಿಷಯದಲ್ಲಿ ಮಾತ್ರ ನಾನು ಎಂದೂ ಎಡವಿರಲಿಲ್ಲ. ಇಲ್ಲಿನ ತಂಡಗಳಲ್ಲಿ ಚೆಂಡು ಒದೆಯಲು ಆಸ್ಟ್ರೇಲಿಯಾದಿಂದ ಬಂದವರು ಬಹಳ ಮಂದಿ ಇದ್ದಾರೆ. ಅವರು ಎಫ್-1 ಅನ್ನುವ ವಿದ್ಯಾರ್ಥಿ ವೀಸಾದ ಮೇಲೆ ಇರುತ್ತಾರೆ, ಜಾಹೀರಾತಿಗೆ ದುಡಿದರೆ ವೀಸಾಕ್ಕೇ ಕುತ್ತು ಬರಬಹುದು. ನಾನೂ ಅದೇ ವೀಸಾದಲ್ಲಿ ದಾವಣಗೆರೆಯಿಂದ ಬಂದವನು. ಕ್ಯಾಂಪಸ್ ಹೊರಗೆ ಒಂದು ಗಂಟೆ ಕೆಲಸ ಮಾಡಲೂ ಹೆದರಿದ್ದು ಮೈಯಲ್ಲೇ ಉಳಿದಿದೆ. ಆ ಹುಡುಗರ ಸ್ಕಾಲರ್‌ಶಿಪ್ ಜಾಗ ಬಿಡಿಸುವ ಮಾತು ಬಂದಾಗಲೆಲ್ಲ ಗಟ್ಟಿಯಾಗಿ ಬೇಡ ಅಂದಿದ್ದೇನೆ. ನಾನು ಕಂಡುಂಡ ಕಷ್ಟ ನನಗೆ ಬೇಗ ಕಂಡಿತು, ಆ ತಾಯಿಯ ಕಷ್ಟ ಕಾಣಲಿಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ.

ಈಗ ನಿಯಮ ಮತ್ತೆ ಬದಲಾಗಿದೆ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವರು ಹೌಸ್ ಮೊಕದ್ದಮೆಯ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಆಟಗಾರರಿಗೂ ದುಡ್ಡಿನ ಪಾಲು ಬೇಕು ಎಂದು ಗ್ರಾಂಟ್ ಹೌಸ್ ಅನ್ನುವ ಕಾಲೇಜು ಈಜುಗಾರ ಮತ್ತಿತರರು ಹೂಡಿದ್ದ ಮೊಕದ್ದಮೆ ಅದು. ಒಪ್ಪಂದಕ್ಕೆ ಸೇರಿದ ಯೂನಿವರ್ಸಿಟಿಗಳಿಗೆ 85ರ ಮಿತಿ ಹೋಯಿತು. ಅದರ ಬದಲು ಇಡೀ ಫುಟ್‌ಬಾಲ್ ತಂಡದಲ್ಲೇ 105 ಜನ ಮಾತ್ರ. ಅಷ್ಟೂ ಜನಕ್ಕೆ ಸ್ಕಾಲರ್‌ಶಿಪ್ ಕೊಡಬಹುದು, ಕೊಡಲೇಬೇಕು ಅಂತಿಲ್ಲ. ಯೂನಿವರ್ಸಿಟಿಯೇ ಎಲ್ಲ ಆಟಗಳೂ ಸೇರಿ ಮೊದಲ ವರ್ಷವಾದ 2025-26ಕ್ಕೆ ಸುಮಾರು 20.5 ಮಿಲಿಯನ್ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಕೊಡಬಹುದು ಅಂತಾಯಿತು. ಹಳೆಯ ಮಿತಿಗಿಂತ ಜಾಸ್ತಿ ಕೊಟ್ಟ ಸ್ಕಾಲರ್‌ಶಿಪ್‌ಗಳೂ 2.5 ಮಿಲಿಯನ್‌ವರೆಗೆ ಅದೇ ಗಂಟಿನ ಲೆಕ್ಕಕ್ಕೆ ಸೇರುತ್ತವೆ. ಅಂದರೆ ಹೊಸದಾಗಿ ಒಬ್ಬ ವಾಕ್‌ಆನ್‌ಗೆ ಫೀಸು ಕೊಡುವುದೋ, ಆ ದುಡ್ಡನ್ನು ತಂಡದ ಆಟ ನಡೆಸುವ ಮುಖ್ಯ ಆಟಗಾರ ಕ್ವಾರ್ಟರ್‌ಬ್ಯಾಕ್‌ನ ಸಂಭಾವನೆಗೆ ಸೇರಿಸುವುದೋ ಅನ್ನುವ ಪ್ರಶ್ನೆ ಈಗ ಒಂದೇ ಮೇಜಿನ ಮೇಲೆ ಕೂತಿದೆ. ಮಿತಿ ಹೋಯಿತು ಎಂದು ಸಂತೋಷಪಟ್ಟವರಿಗೆ ನಾನು ಇದನ್ನೇ ತೋರಿಸುತ್ತೇನೆ. 106ನೆಯವನ ಗತಿಯಂತೂ ಇನ್ನೂ ಕಷ್ಟ. ಮೊದಲು ಸ್ವಂತ ಖರ್ಚಿನಲ್ಲಾದರೂ ತಂಡದಲ್ಲಿ ಇರಬಹುದಿತ್ತು. ಇದ್ದ ಹುಡುಗರನ್ನು ಹೀಗೆ ಕೈಬಿಡುವುದಕ್ಕೆ ವಿಲ್ಕನ್ ಅವರೇ ಆಕ್ಷೇಪ ಎತ್ತಿದ ಮೇಲೆ, ಆಗಲೇ ತಂಡದಲ್ಲಿದ್ದ ಕೆಲವರಿಗೆ ವಿನಾಯಿತಿ ಸಿಕ್ಕಿತು.

ನನ್ನ ಕೌಂಟರಿನಲ್ಲಿ ಈಗ ಒಂದು ಹಾಳೆ ಇಟ್ಟುಕೊಂಡಿದ್ದೇನೆ. ಸ್ಕಾಲರ್‌ಶಿಪ್ ಬಿಡಲು ಯಾರೇ ಬಂದರೂ ಅದನ್ನು ಜೊತೆಯಲ್ಲಿ ಕೂತು ತುಂಬುತ್ತೇವೆ. ದುಡ್ಡು ಯಾರ ಖಾತೆಯಿಂದ, ಯಾವ ತಾರೀಖಿಗೆ, ನಿಲ್ಲಿಸುವ ಹಕ್ಕು ಯಾರದ್ದು, ತೆರಿಗೆ ಕಳೆದರೆ ಉಳಿಯುವುದೆಷ್ಟು. ಮನೆಯವರನ್ನು ಫೋನಿನಲ್ಲಿ ಕರೆಯಲು ಹುಡುಗ ಒಪ್ಪಿದರೆ ಸ್ಪೀಕರ್ ಹಾಕುತ್ತೇನೆ. ಎರಡು ನಿಮಿಷದ ಕೆಲಸಕ್ಕೆ ಈಗ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕ್ಯೂ ಉದ್ದ ಆಗುತ್ತದೆ, ಮ್ಯಾನೇಜರ್ ಒಮ್ಮೆ ಕೇಳಿದರು ಕೂಡ. ಹಾಳೆ ತೋರಿಸಿದೆ. ಓದಿ, ಇನ್ನೆರಡು ಕೌಂಟರಿಗೂ ಪ್ರಿಂಟ್ ಹಾಕಿಸಿದರು.

ಆ ಹುಡುಗ ಡಿಗ್ರಿ ಮುಗಿಸಿದ. ಘಟಿಕೋತ್ಸವದ ದಿನ ಅಮ್ಮನನ್ನು ಕರೆದುಕೊಂಡು ಆಫೀಸಿಗೆ ಬಂದಿದ್ದ. ಅವರು ಒಂದು ಡಬ್ಬಿ ಪೀಕ್ಯಾನ್ ಬರ್ಫಿಯಂಥ ಸಿಹಿ ತಂದಿದ್ದರು, ಮನೆಯಲ್ಲೇ ಮಾಡಿದ್ದು. ತಿನ್ನುತ್ತಾ ನಿಂತಿದ್ದಾಗ, ಸಾಲದ ಮೊದಲ ಕಂತು ಯಾವ ತಿಂಗಳಿಂದ ಎಂದು ಕೇಳಿದರು. ಕ್ಯಾಲೆಂಡರ್ ತೆಗೆದು ತೋರಿಸಿದೆ.